ಕಲ್ಲಿನ ರಥದ ಮೇಲೊಂದು ಇಟ್ಟಿಗೆಯ ಶಿಖರ

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಹಂಪಿಯ ಕಲ್ಲಿನ ರಥವನ್ನು ನೋಡದವರು ಕಡಿಮೆ. 2017ರಲ್ಲಿ ಆ ನೀಲಿ ನೋಟು ಬಂದ ಮೇಲೆ ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿ ಹೊಸದೊಂದು ರೂಢಿ ಶುರುವಾಯಿತು. ನೋಟನ್ನು ಕೈಯಲ್ಲಿ ಎತ್ತಿ ಹಿಡಿದು, ಹಿಂದೆ ನಿಜವಾದ ರಥ ಕಾಣುವಂತೆ ಫೋಟೋ ತೆಗೆದುಕೊಳ್ಳುವುದು. ನೋಟಿನ ರಥಕ್ಕೂ ಅಂಗಳದ ರಥಕ್ಕೂ ಹೊಂದಿಕೆಯಾದರೆ ಸಮಾಧಾನ. ಆದರೆ ಇವೆರಡರ ಪಕ್ಕದಲ್ಲಿ 1856ರ ಒಂದು ಫೋಟೋ ಇಟ್ಟು ನೋಡಿದರೆ ಹೊಂದಿಕೆ ತಪ್ಪುತ್ತದೆ. ಆ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ನಿಂತಿದೆ.

ನಾವು ರಥ ಎನ್ನುವುದು ನಿಜಕ್ಕೂ ಗರುಡನ ಗುಡಿ. ಗುಡಿ ಎಂದ ಮೇಲೆ ಶಿಖರ ಇರಬೇಕಾದ್ದೇ. ಕೆಳಗಿನ ಭಾಗ ಕಲ್ಲಿನದು, ಮೇಲಿನದು ಇಟ್ಟಿಗೆಯದು. ನಂತರದ ದಶಕಗಳಲ್ಲಿ ಆ ಶಿಖರ ಇಲ್ಲವಾಯಿತು. ಹಾಗಾಗಿ ನೋಟಿನ ಮೇಲೆ ಅಚ್ಚಾಗಿರುವುದು ವಿಜಯನಗರದ ಅರಸರು ಕಂಡ ಗುಡಿಯಲ್ಲ, ಶಿಖರ ಕಳಚಿದ ಮೇಲೆ ಉಳಿದ ಅರ್ಧ. ಆ ಒಂದು ಫೋಟೋ ಇರದಿದ್ದರೆ ಮೇಲಿನ ಅರ್ಧ ಹೇಗಿತ್ತೆಂಬುದನ್ನು ನಾವು ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ.

ಆ ಫೋಟೋ ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ, ಕ್ಯಾಮರಾದ ಹವ್ಯಾಸಿ. 1856ರಲ್ಲಿ ಅವನು ಹಂಪಿಯಲ್ಲಿ ಅರವತ್ತರ ಆಸುಪಾಸು ಚಿತ್ರಗಳನ್ನು ತೆಗೆದ. ಪ್ರವಾಸದಲ್ಲಿ ಒಳ್ಳೆಯ ಫೋಟೋ ತೆಗೆಯುವುದು ಹೇಗೆ ಎಂದು ಇಂದು ಕೇಳುವವರಿಗೆ ಅವನ ಕೆಲಸದಲ್ಲಿ ಕಲಿಯುವುದಕ್ಕೂ ಇದೆ, ಎಚ್ಚರ ವಹಿಸುವುದಕ್ಕೂ ಇದೆ.

ಕ್ಯಾಮರಾದ ತತ್ವ ಹಂಪಿಗೆ ಹೊಸದಲ್ಲ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರುಗೋಡೆಯ ಮೇಲೆ ಮಹಾಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಅಲ್ಲಿ ಮಸೂರವಿಲ್ಲ, ಯಂತ್ರವಿಲ್ಲ. ಕತ್ತಲು, ಒಂದು ರಂಧ್ರ ಮತ್ತು ಗೋಡೆ ಸಾಕು. ಕೊರತೆ ಒಂದೇ. ಬಿಸಿಲು ಹೋದರೆ ಚಿತ್ರವೂ ಹೋಗುತ್ತದೆ. ಆ ಗೋಡೆಯ ನೆರಳನ್ನು ಹಿಡಿದಿಡುವ ವಿದ್ಯೆಗೆ ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು. ಬ್ರಿಟನ್ನಿನ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ನೆಗೆಟಿವ್ ಮೂಡಿಸುವ ಕ್ಯಾಲೊಟೈಪ್ ವಿಧಾನವನ್ನು ಪ್ರಕಟಿಸಿದ. ಹತ್ತು ವರ್ಷಗಳ ನಂತರ ಫ್ರಾನ್ಸಿನ ಗುಸ್ತಾವ್ ಲ ಗ್ರೇ, ಕಾಗದಕ್ಕೆ ಮೊದಲೇ ಮೇಣ ಹಚ್ಚಿ ಅದನ್ನು ಇನ್ನಷ್ಟು ಪಾರದರ್ಶಕವಾಗಿಸುವ ದಾರಿ ತೋರಿಸಿದ.

ಆಗ ಗಾಜಿನ ಫಲಕದ ವಿಧಾನವೂ ಬಂದಿತ್ತು. ಅದು ಹೆಚ್ಚು ಚುರುಕು, ಹೆಚ್ಚು ಸ್ಪಷ್ಟ. ಆದರೆ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆದು ಮುಗಿಸಬೇಕು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಹಸಿಯಾಗಿದ್ದೀತು? ಜೊತೆಗೆ ಕತ್ತಲ ಗುಡಾರ, ಗಾಜಿನ ಪೆಟ್ಟಿಗೆ, ಬಾಟಲಿಗಳನ್ನು ಹೊತ್ತ ಆಳುಗಳು ಬೇಕು. ಮೇಣದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿ ಪುಸ್ತಕದಂತೆ ಕಟ್ಟಿ ಒಯ್ಯಬಹುದು. ಹೀಗಾಗಿ ಭಾರತದಲ್ಲಿ ಅಲೆದ ಆರಂಭದ ಫೋಟೋಗ್ರಾಫರುಗಳಲ್ಲಿ ಹಲವರು ಕಾಗದವನ್ನೇ ನೆಚ್ಚಿದರು. ಅದರ ಬೆಲೆ ಸಮಯದಲ್ಲಿ ತೆರಬೇಕಿತ್ತು. ಒಂದು ಚಿತ್ರಕ್ಕೆ ಕ್ಯಾಮರಾದ ಬಾಯಿ ನಿಮಿಷಗಟ್ಟಲೆ ತೆರೆದಿರಬೇಕು. ಆಗ ಚಿತ್ರವನ್ನು ಹಿಗ್ಗಿಸುವ ಅನುಕೂಲವಿಲ್ಲದ್ದರಿಂದ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರ ಅಷ್ಟೇ ದೊಡ್ಡದು. ಗ್ರೀನ್‌ಲಾನ ನೆಗೆಟಿವ್‌ಗಳು ಒಂದಡಿಗೂ ಹೆಚ್ಚು ಅಗಲವಿದ್ದವು. ಅವನ್ನು ಹಿಡಿಸುವ ಕ್ಯಾಮರಾ ಎಷ್ಟು ದೊಡ್ಡದಿದ್ದಿರಬೇಕು, ಬಂಡೆಗಳ ನಡುವೆ ಅದನ್ನು ಹೊತ್ತವರ ಪಾಡೇನು, ನೀವೇ ಊಹಿಸಿಕೊಳ್ಳಿ.

ಇಂಥ ಯಂತ್ರವಿದ್ದವನು ಸಿಕ್ಕಸಿಕ್ಕಲ್ಲಿ ಗುಂಡಿ ಒತ್ತುವಂತಿಲ್ಲ. ಮೊದಲು ಸುತ್ತು ಹಾಕಬೇಕು. ಬಿಸಿಲು ಯಾವ ಗೋಡೆಯ ಮೇಲೆ ಯಾವಾಗ ಬೀಳುತ್ತದೆಂದು ನೋಡಬೇಕು. ಇದು ಇಂದಿಗೂ ನಿಜ. ವಿಠ್ಠಲ ದೇವಾಲಯ ಪೂರ್ವಕ್ಕೆ ಮುಖಮಾಡಿದೆ. ದೇವರ ಎದುರಿನ ಗರುಡನ ಗುಡಿ ಪಶ್ಚಿಮಕ್ಕೆ. ಆದ್ದರಿಂದ ಬೆಳಿಗ್ಗೆ ಓಡಿಹೋಗಿ ರಥದ ಮುಂದೆ ನಿಂತವರಿಗೆ ಅದರ ಮುಖ ನೆರಳಿನಲ್ಲಿ ಕಪ್ಪಾಗಿ ಸಿಗುತ್ತದೆ. ಮಧ್ಯಾಹ್ನ ಕಳೆದು ಬಿಸಿಲು ಇಳಿದಾಗ ಅದೇ ಮುಖ ಬೆಳಗುತ್ತದೆ, ಕೆತ್ತನೆಯ ಗೆರೆಗಳು ಎದ್ದು ಬರುತ್ತವೆ. ವಿರೂಪಾಕ್ಷನ ಮಹಾಗೋಪುರದ ಮಾತು ಇದಕ್ಕೆ ತಿರುಗಾಮುರುಗಾ. ಅದರ ಹೊರಮುಖ ಪೂರ್ವಕ್ಕಿದೆ, ಬಜಾರಿನ ಬೀದಿಯಿಂದ ನೋಡಲು ಬೆಳಗೇ ಸರಿ. ಕ್ಯಾಮರಾ ಎಷ್ಟು ದುಬಾರಿಯದು ಎನ್ನುವುದಕ್ಕಿಂತ ಗುಡಿ ಯಾವ ದಿಕ್ಕಿಗಿದೆ ಎನ್ನುವುದು ಚಿತ್ರಕ್ಕೆ ಹೆಚ್ಚು ಸಂಬಂಧಿಸಿದ್ದು. ನಮ್ಮ ದೇವಾಲಯಗಳಲ್ಲಿ ಆ ದಿಕ್ಕನ್ನು ಊಹಿಸುವುದೂ ಕಷ್ಟವಲ್ಲ.

ಫೋಟೋ ತಿದ್ದುವ ಚಾಳಿ ಮೊಬೈಲ್ ಕಾಲದ್ದು ಎಂದು ದೂರುವವರಿದ್ದಾರೆ. ಅದೂ ಅಷ್ಟೇ ಹಳೆಯದು. ಗ್ರೀನ್‌ಲಾನ ಸಮಕಾಲೀನ, ಅದೇ ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್, 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದವನು. ಮರುವರ್ಷ ಬರ್ಮಾಕ್ಕೆ ಹೋದ. ಆ ಕಾಲದ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಕಟ್ಟಡ ಸರಿಯಾಗಿ ಮೂಡುವ ಹೊತ್ತಿಗೆ ಆಕಾಶ ಬರೀ ಬಿಳಿಯಾಗಿರುತ್ತಿತ್ತು. ಟ್ರೈಪ್ ನೆಗೆಟಿವ್‌ನ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆದ, ಗಿಡಮರಗಳ ಎಲೆಗಳನ್ನು ತಿದ್ದಿದ. ಆದರೆ ಕಟ್ಟಡವೇ ಅವನ ವಿಷಯವಾಗಿದ್ದಲ್ಲಿ ಅದರ ನಿಖರತೆಗೆ ಅಪಾರ ಶ್ರದ್ಧೆ ಕೊಟ್ಟ. ತಿದ್ದುವವರು ಈ ಗೆರೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಬೆಳಕನ್ನು ಸರಿಪಡಿಸುವುದು ಬೇರೆ, ಅಲ್ಲಿ ಇದ್ದುದನ್ನು ಅಳಿಸುವುದು ಬೇರೆ.

ಅಳಿಸುವ ಮಾತು ಬಂದಾಗ ಆ ಹಳೆಯ ಕ್ಯಾಮರಾದ ಇನ್ನೊಂದು ಗುಣವನ್ನು ಹೇಳಲೇಬೇಕು. ನಿಮಿಷಗಟ್ಟಲೆ ತೆರೆದಿರುವ ಕ್ಯಾಮರಾದ ಮುಂದೆ ಕಲ್ಲು ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ನಡೆದುಹೋದ ದನಗಾಹಿ, ನೀರು ಹೊತ್ತ ಹೆಂಗಸು, ಓಡಿದ ಮಗು ಯಾರೂ ಕಾಗದದ ಮೇಲೆ ಉಳಿಯುವುದಿಲ್ಲ. ಹೆಚ್ಚೆಂದರೆ ಮಸುಕಾದ ಕಲೆ. ಅಲುಗಾಡದೆ ನಿಲ್ಲಲು ಒಪ್ಪಿದವನು ಮಾತ್ರ ಉಳಿಯುತ್ತಾನೆ, ಅದೂ ಸಾಮಾನ್ಯವಾಗಿ ಕಂಬದ ಎತ್ತರ ತೋರಿಸುವ ಅಳತೆಗೋಲಾಗಿ. ಯಂತ್ರದ ಈ ಮಿತಿ ಕ್ರಮೇಣ ಒಂದು ಅಭಿರುಚಿಯಾಯಿತು. ಹಾಳೂರು ಎಂದರೆ ಜನರಿಲ್ಲದ ಊರು, ಸ್ಮಾರಕ ಎಂದರೆ ಖಾಲಿ ಅಂಗಳ. 1868ರ ಸುಮಾರಿಗೆ ಮದ್ರಾಸ್ ಸರ್ಕಾರದ ಪರವಾಗಿ ಎಡ್ಮಂಡ್ ಲಯನ್ ಹಂಪಿಯ ಚಿತ್ರ ತೆಗೆದ. 1917ರಲ್ಲಿ ಲಾಂಗ್‌ಹರ್ಸ್ಟ್ ಹಂಪಿಯ ಹಾಳೂರಿನ ಬಗ್ಗೆ ಸಚಿತ್ರ ಕೈಪಿಡಿ ಪ್ರಕಟಿಸಿದ. ಅಷ್ಟು ಹೊತ್ತಿಗೆ ಕ್ಯಾಮರಾ ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವಷ್ಟು ಚುರುಕಾಗಿತ್ತು. 1888ರಲ್ಲೇ ಕೊಡಾಕ್ ಕಂಪನಿ ನೂರು ಚಿತ್ರಗಳ ಸುರುಳಿ ತುಂಬಿದ ಪೆಟ್ಟಿಗೆಯನ್ನು ಮಾರಲಾರಂಭಿಸಿತ್ತು. ಖಾಲಿತನ ಅನಿವಾರ್ಯವಾಗಿದ್ದ ಕಾಲ ಮುಗಿದಿತ್ತು, ಆಸೆ ಮಾತ್ರ ಉಳಿಯಿತು.

ಇಂದಿನ ಪ್ರವಾಸಿಯಲ್ಲಿಯೂ ಆ ಆಸೆ ಇದೆ. ರಥದ ಮುಂದೆ ಯಾರೂ ಇಲ್ಲದ ಕ್ಷಣಕ್ಕಾಗಿ ಕಾಯುತ್ತೇವೆ, ಅಡ್ಡ ಬಂದವರಿಗೆ ಸರಿಯಲು ಹೇಳುತ್ತೇವೆ, ಆಗದಿದ್ದರೆ ಮೊಬೈಲಿನ ತಂತ್ರಾಂಶದಿಂದ ಬೆರಳಾಡಿಸಿ ಅವರನ್ನು ಅಳಿಸುತ್ತೇವೆ. ಫಲವಾಗಿ ಸಾವಿರಾರು ಮಂದಿ ಒಂದೇ ಚಿತ್ರವನ್ನು ತೆಗೆಯುತ್ತಾರೆ.

ಹಂಪಿ ಎಂದೂ ಖಾಲಿ ಊರಾಗಿರಲಿಲ್ಲ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೋ ಪಾಯಸ್ ಬರೆದಿಟ್ಟದ್ದು ವ್ಯಾಪಾರಿಗಳಿಂದ ಕಿಕ್ಕಿರಿದ ಬೀದಿಗಳ ಬಗ್ಗೆ, ತೊಗಲು ಹೊದೆಸಿದ ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವ ಜನರ ಬಗ್ಗೆ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ನಿಜ. ಆದರೂ ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಚೈತ್ರದ ತೇರಿಗೆ ಅದೇ ಬಜಾರಿನ ಬೀದಿ ತುಂಬುತ್ತದೆ. ಬೀದಿಯ ಇಕ್ಕೆಲದ ಕಲ್ಲಿನ ಮಂಟಪಗಳಲ್ಲಿ ಇತ್ತೀಚಿನವರೆಗೂ ಮನೆಗಳಿದ್ದವು, ಖಾನಾವಳಿಗಳಿದ್ದವು, ಬಟ್ಟೆ, ಪುಸ್ತಕ, ಕುಂಕುಮದ ಅಂಗಡಿಗಳಿದ್ದವು. 2011ರ ಜುಲೈನಲ್ಲಿ ಅವನ್ನು ಜೆಸಿಬಿ ಯಂತ್ರಗಳಿಂದ ತೆರವು ಮಾಡಲಾಯಿತು. ಮಂಟಪಗಳ ನಡುವೆ ಗೋಡೆ ಎಬ್ಬಿಸಿ, ಸಿಮೆಂಟು ಮೆತ್ತಿ ಸ್ಮಾರಕಕ್ಕೆ ಧಕ್ಕೆ ತಂದಿದ್ದಾರೆ ಎನ್ನುವುದು ಆಡಳಿತದ ವಾದ. ಈ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ, ನಾವು ಅದನ್ನೇ ಮಾಡುತ್ತಿದ್ದೇವೆ ಎನ್ನುವುದು ಅಲ್ಲಿದ್ದವರ ವಾದ. ಎರಡರಲ್ಲಿಯೂ ಹುರುಳಿದೆ. ನೂರಾರು ಕುಟುಂಬಗಳು ನೆಲೆ ಕಳೆದುಕೊಂಡವು, ಪುನರ್ವಸತಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯಿತು.

ಒಂದು ಬೀದಿ ತೆರವಾಗುವುದಕ್ಕೆ ಫೋಟೋ ಕಾರಣ ಎಂದು ಹೇಳಲಾಗದು. ಆದರೆ ಸ್ಮಾರಕ ಎಂದರೆ ಖಾಲಿಯಾಗಿರಬೇಕು ಎಂಬ ಭಾವನೆ ನಮ್ಮೆಲ್ಲರ ಕಣ್ಣಿನಲ್ಲಿ ಇಷ್ಟು ಸಹಜವಾಗಿ ಕುಳಿತಿರುವುದಕ್ಕೆ ಒಂದೂವರೆ ಶತಮಾನದ ಖಾಲಿ ಚಿತ್ರಗಳ ಪಾಲೂ ಇದೆ. ಆ ಬಜಾರಿನ ಬದುಕು ಹೇಗಿತ್ತೆಂದು ಇಂದು ತಿಳಿಯಬೇಕೆಂದರೆ ಕಲಾತ್ಮಕ ಫೋಟೋಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಶಾಲಾ ಪ್ರವಾಸದ ಗುಂಪು ಚಿತ್ರ, ಹೊಸ ದಂಪತಿಗಳ ವಕ್ರವಾದ ಫೋಟೋ, ಹಿನ್ನೆಲೆಯಲ್ಲಿ ಅರ್ಧ ಕಾಣುವ ಚಹಾದ ಅಂಗಡಿ, ಅದರ ಬೋರ್ಡು, ಇವೇ ಈಗ ದಾಖಲೆ.

ಕ್ಯಾಮರಾದ ಆಸೆ ಕಲ್ಲನ್ನೂ ಬಿಡುವುದಿಲ್ಲ. 2019ರಲ್ಲಿ ಹಂಪಿಯ ಕಂಬವೊಂದನ್ನು ಯುವಕರು ದಬ್ಬಿ ಬೀಳಿಸುವ ವಿಡಿಯೋ ನಾಡಿನಾದ್ಯಂತ ಹರಿದಾಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಆ ಕಂಬವನ್ನು ಮತ್ತೆ ನಿಲ್ಲಿಸುವ ಕೆಲಸದಲ್ಲಿ ಕೈಜೋಡಿಸುವಂತೆ ಮಾಡಿತು. ಚಿತ್ರಕ್ಕಾಗಿ ಕಟ್ಟೆ ಹತ್ತುವ, ಶಿಲ್ಪದ ಮೇಲೆ ಕೂರುವ ಸಣ್ಣ ಸಣ್ಣ ಅತಿಕ್ರಮಗಳಿಗೆ ಇಂಥ ದಂಡವೂ ಇಲ್ಲ, ಸುದ್ದಿಯೂ ಇಲ್ಲ.

ಹಾಗಾದರೆ ಹಂಪಿಗೆ ಹೋದವರು ಏನು ತೆಗೆಯಬೇಕು? ಇದಕ್ಕೊಂದು ಉತ್ತರವನ್ನು ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ತೋರಿಸಿದ್ದಾರೆ. 1980ರ ದಶಕದಲ್ಲಿ ಅವರು ಗ್ರೀನ್‌ಲಾನ ಚಿತ್ರಗಳನ್ನು ಇಟ್ಟುಕೊಂಡು, ಅವನು ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾವ ಗೋಡೆ ಬಿತ್ತು, ಯಾವ ಮರ ಬೆಳೆಯಿತು, ಯಾವ ಶಿಖರ ಹೋಯಿತು ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಮನೆಯ ಆಲ್ಬಮಿನಲ್ಲಿ ಅಜ್ಜಿಯೋ ಅಪ್ಪನೋ ಹಂಪಿಯಲ್ಲೋ ಬಾದಾಮಿಯಲ್ಲೋ ನಿಂತ ಚಿತ್ರವಿದ್ದರೆ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಹಿಂದಿನ ಬೆಟ್ಟದ ತುದಿ ಮುಂದಿನ ಕಂಬದ ಎಷ್ಟನೆಯ ಪಟ್ಟಿಗೆ ತಾಗುತ್ತದೆಂದು ನೋಡಿ. ಅದು ತಾಳೆಯಾಗುವವರೆಗೆ ಎಡಬಲಕ್ಕೆ, ಹಿಂದುಮುಂದಕ್ಕೆ ಸರಿಯಿರಿ. ಜಾಗ ಸಿಗುತ್ತದೆ. ಜೂಮ್ ಮಾಡಿ ಹೊಂದಿಸಲು ಹೋದರೆ ಸಿಗದು. ಕಾಲಿನಿಂದಲೇ ಹೊಂದಿಸಬೇಕು.

ಇನ್ನು ಜನರನ್ನು ಬಿಡಿ, ಚಿತ್ರದೊಳಗೆ ಇರಲು ಬಿಡಿ. ಕೇಳಿ, ಒಪ್ಪಿದವರದ್ದು ತೆಗೆಯಿರಿ. ಹೊಳೆಯಲ್ಲಿ ಹರಿಗೋಲು ಹಾಕುವವನ ಚಿತ್ರ ಪಾಯಸ್ ಬರೆದ ಸಾಲಿನವರೆಗೆ ಹಿಂದಕ್ಕೆ ಚಾಚುತ್ತದೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ ಎನ್ನುವುದೂ ಅದರಲ್ಲೇ ಕಾಣುತ್ತದೆ. ಖಾಲಿ ರಥದ ಚಿತ್ರಕ್ಕೆ ಅಂಥ ಶಕ್ತಿ ಇಲ್ಲ, ಅದು ಆಗಲೇ ನೋಟಿನ ಮೇಲಿದೆ.

ಕೊನೆಯದು ಬರವಣಿಗೆ. ಗ್ರೀನ್‌ಲಾನ ಚಿತ್ರಕ್ಕೆ ಇಷ್ಟು ಬೆಲೆ ಬಂದಿರುವುದು ಅದು ಎಲ್ಲಿಯದು, ಯಾವ ವರ್ಷದ್ದು ಎಂದು ತಿಳಿದಿರುವುದರಿಂದ. ಮೊಬೈಲ್ ತಾನಾಗಿಯೇ ದಿನಾಂಕ, ಜಾಗವನ್ನು ಫೋಟೋದೊಳಗೆ ಬರೆದಿಡುತ್ತದೆ ಎಂದು ನಾವು ನಿಶ್ಚಿಂತರಾಗಿದ್ದೇವೆ. ಅದೇ ಫೋಟೋವನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಆ ವಿವರ ಉದುರಿಹೋಗುತ್ತದೆ, ಚಿತ್ರದ ಗಾತ್ರವೂ ಕುಗ್ಗುತ್ತದೆ. ಮನೆಯವರ ಫೋನುಗಳಲ್ಲಿ ಉಳಿಯುವುದು ಹೆಸರು ದಿನಾಂಕಗಳಿಲ್ಲದ ಆ ಪ್ರತಿಯೇ. ಊರಿಗೆ ಮರಳಿದ ಮೇಲೆ ಐನೂರರಲ್ಲಿ ಇಪ್ಪತ್ತನ್ನು ಆರಿಸಿ, ಮೂಲ ಪ್ರತಿಯನ್ನೇ ಬೇರೆಡೆ ಉಳಿಸಿ. ಪ್ರತಿಯೊಂದಕ್ಕೂ ಎಲ್ಲಿ, ಯಾವಾಗ, ಯಾರು ಎಂದು ಒಂದು ಸಾಲು ಬರೆಯಿರಿ. ಸಾಧ್ಯವಾದರೆ ನಾಲ್ಕಾರನ್ನು ಕಾಗದದ ಮೇಲೆ ಅಚ್ಚು ಹಾಕಿಸಿ.

1856ರಲ್ಲಿ ರಥದ ಮೇಲಿನ ಇಟ್ಟಿಗೆಯ ಶಿಖರ ಯಾರಿಗೂ ಸೋಜಿಗವಾಗಿರಲಿಕ್ಕಿಲ್ಲ. ಇತ್ತು, ಆದ್ದರಿಂದ ಚಿತ್ರದಲ್ಲಿ ಬಂತು. ಇಂದು ಆ ರಥದ ಸುತ್ತ ಜನ ಹತ್ತದಂತೆ ಸರಪಳಿ ಕಟ್ಟಿದ್ದಾರೆ, ಪಕ್ಕದಲ್ಲಿ ಸೀಟಿ ಊದುವ ಕಾವಲುಗಾರ ನಿಲ್ಲುತ್ತಾನೆ. ನಾವು ಇಬ್ಬರನ್ನೂ ತಪ್ಪಿಸಿ ಚೌಕಟ್ಟು ಹೊಂದಿಸುತ್ತೇವೆ. ಒಂದು ಚಿತ್ರದಲ್ಲಾದರೂ ಸರಪಳಿಯೂ ಇರಲಿ, ಕಾವಲುಗಾರನೂ ಇರಲಿ. ಮುಂದೊಂದು ದಿನ ಅದನ್ನು ನೋಡುವವರಿಗೆ ರಥ ಹೇಗಿತ್ತೆಂದು ಹೇಳಲು ನೋಟು ಇದೆ. ನಾವು ಅದನ್ನು ಹೇಗೆ ಇಟ್ಟುಕೊಂಡಿದ್ದೆವು ಎಂದು ಹೇಳಲು ಆ ಫೋಟೋ ಬೇಕಾಗುತ್ತದೆ.