ಫೋಟೊ ಕೆಳಗಿನ ಸಾಲು ಬರೆಯುವವರು ಯಾರು?

1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಹೊರಬಂದವು. ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ಈ ಪುಸ್ತಕದಲ್ಲಿ 450ಕ್ಕೂ ಹೆಚ್ಚು ಫೋಟೊಗಳಿವೆ. ಹೆಚ್ಚಿನವುಗಳ ಕೆಳಗೆ ವ್ಯಕ್ತಿಯ ಹೆಸರಿಲ್ಲ. ಜಾತಿ, ಬುಡಕಟ್ಟು, ಪ್ರದೇಶ ಮಾತ್ರ ಇದೆ. 1857ರ ದಂಗೆಯ ನಂತರ, ತಾವು ಆಳುವ ಜನ ಎಂಥವರು ಎಂದು ತಿಳಿಯುವ ತವಕ ಬ್ರಿಟಿಷರಿಗಿತ್ತು. ಜೊತೆಗಿನ ಬರಹ ಒಂದು ಸಮುದಾಯವನ್ನು ನಿಷ್ಠಾವಂತರೆಂದೂ ಇನ್ನೊಂದನ್ನು ಕಳ್ಳರೆಂದೂ ಸಾರಾಸಗಟಾಗಿ ಬರೆದುಬಿಡುತ್ತದೆ.

ಅದೇ ಕಾಲದಲ್ಲಿ ಮನುಷ್ಯರ ಮೈಯನ್ನು ಅಳೆಯುವುದಕ್ಕೂ ಕ್ಯಾಮೆರಾ ಬಳಕೆಯಾಯಿತು. 1869ರಲ್ಲಿ ಲ್ಯಾಂಪ್ರೆ ಎಂಬಾತ ಒಂದು ಉಪಾಯ ಮುಂದಿಟ್ಟ: ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ ಎರಡೆರಡು ಇಂಚಿನ ಚೌಕಗಳನ್ನು ಮಾಡಬೇಕು, ಅದರ ಮುಂದೆ ಜನರನ್ನು ಬಟ್ಟೆಯಿಲ್ಲದೆ ನಿಲ್ಲಿಸಿ ಫೋಟೊ ತೆಗೆಯಬೇಕು. ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಪೋರ್ಟ್‌ಮನ್ 1890ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಹೀಗೇ ಚಿತ್ರ ತೆಗೆದ.

ಸುಮಾರು ನೂರು ವರ್ಷಗಳ ನಂತರ ಬೆಂಗಳೂರಿನ ಕಲಾವಿದೆಯೊಬ್ಬರು ಅಂಥದೇ ಪರದೆಯ ಮುಂದೆ ತಾವೇ ಹೋಗಿ ನಿಂತರು. ಅವರೇ ಪುಷ್ಪಮಾಲಾ ಎನ್. 1956ರಲ್ಲಿ ಹುಟ್ಟಿದ ಇವರು ಬರೋಡದಲ್ಲಿ ಕಲಿತದ್ದು ಶಿಲ್ಪಕಲೆ. 1990ರ ದಶಕದ ಮಧ್ಯದಲ್ಲಿ ವೇಷ ಹಾಕಿ ತಮ್ಮದೇ ಫೋಟೊ ತೆಗೆಸಿಕೊಳ್ಳತೊಡಗಿದರು. ಬೆಂಗಳೂರಿನಲ್ಲೇ ನೆಲೆಸಿರುವ ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಅವರು ಮಾಡಿದ ಸರಣಿಯ ಹೆಸರು ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’. ಬ್ರಿಟಿಷರ ಪುಸ್ತಕಗಳ ಶೀರ್ಷಿಕೆಯನ್ನು ಬೇಕೆಂದೇ ಅಣಕಿಸುವ ಹೆಸರು ಇದು.

ಈ ಸರಣಿಯಲ್ಲಿ ಪುಷ್ಪಮಾಲಾ ಒಮ್ಮೆ ರವಿವರ್ಮ 1889ರಲ್ಲಿ ಬರೆದ ಬೆಳದಿಂಗಳ ಹೆಣ್ಣು, ಒಮ್ಮೆ ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ಮತ್ತೊಮ್ಮೆ ತಮಿಳು ಸಿನಿಮಾದಲ್ಲಿ ಚಾಟಿ ಹಿಡಿದ ನಾಯಕಿ. ಅಳತೆಯ ಪರದೆ ಮುಂದೆ ನಿಂತ ತೋಡ ಹೆಂಗಸೂ ಅವರೇ. ಪೊಲೀಸರ ವಶದಲ್ಲಿರುವ ಹೆಂಗಸರ ಪತ್ರಿಕಾ ಚಿತ್ರವನ್ನೂ ಅವರು ಬಿಟ್ಟಿಲ್ಲ. ದೇವಿ, ನಾಯಕಿ, ಬುಡಕಟ್ಟಿನವಳು, ಆರೋಪಿ ಎಲ್ಲರಿಗೂ ಒಂದೇ ಮುಖ. ಸಾಲಾಗಿ ನೋಡುತ್ತಾ ಹೋದರೆ, ‘ದಕ್ಷಿಣ ಭಾರತದ ಹೆಣ್ಣು’ ಎಂದು ನಾವು ನೆನಪಿಟ್ಟುಕೊಂಡಿರುವುದು ಹೆಣ್ಣನ್ನಲ್ಲ, ಯಾರೋ ಬರೆದ ಚಿತ್ರವನ್ನು ಎಂದು ಹೊಳೆಯುತ್ತದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಲಾವಿದೆ ತೋಡ ಹೆಂಗಸಿನ ವೇಷ ಹಾಕಿದ್ದರಿಂದ ಹಳೆಯ ಫೋಟೊಗಳಲ್ಲಿ ಹೀಗೆ ನಿಂತವರಿಗೆ ಹೆಸರು ಸಿಕ್ಕಿತೆ? ಇಲ್ಲ. ಪುಷ್ಪಮಾಲಾ ಆ ಚಿತ್ರಗಳ ಸುಳ್ಳನ್ನು ಬಯಲು ಮಾಡಿದರು, ಅಷ್ಟೇ. ನಿಲ್ಲುವವರ ಕೈಗೇ ಆಯ್ಕೆ ಕೊಡುವುದು ಬೇರೆ ಕೆಲಸ.

ಗೌರಿ ಗಿಲ್ ಹಿಡಿದದ್ದು ಆ ದಾರಿ. 1999ರಿಂದ ರಾಜಸ್ಥಾನದ ಹಳ್ಳಿಗಳಿಗೆ ಹೋಗಿಬರುತ್ತಿದ್ದ ಅವರು, 2003ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಹುಡುಗಿಯರಿಗಾಗಿ ನಡೆದ ಮೇಳವೊಂದರಲ್ಲಿ ಫೋಟೊ ಟೆಂಟ್ ಹಾಕಿದರು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು, ಕೈಯಲ್ಲಿ ಏನು ಹಿಡಿಯಬೇಕು ಎನ್ನುವುದು ಹುಡುಗಿಯರದ್ದೇ ತೀರ್ಮಾನ. ‘ಬಾಲಿಕಾ ಮೇಳ’ದ ಆ ಕಪ್ಪು-ಬಿಳುಪು ಚಿತ್ರಗಳಲ್ಲಿ ಅವರು ಕ್ಯಾಮೆರಾವನ್ನೇ ನೇರವಾಗಿ ದಿಟ್ಟಿಸುತ್ತಾರೆ. 2010ರಲ್ಲಿ ಗಿಲ್ ಆ ಮೇಳಕ್ಕೆ ಮತ್ತೆ ಹೋದರು.

ಇದನ್ನೆಲ್ಲ ಗ್ಯಾಲರಿಯವರ ಮಾತು ಎಂದು ಜಿಲ್ಲಾ ವರದಿಗಾರರು ತಳ್ಳಿಹಾಕುವಂತಿಲ್ಲ. ಇಂದಿಗೂ ಪೊಲೀಸರು ಆರೋಪಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ವಶಪಡಿಸಿಕೊಂಡ ಮಾಲನ್ನು ಮೇಜಿನ ಮೇಲೆ ಜೋಡಿಸುತ್ತಾರೆ, ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಬರುತ್ತದೆ. ನೀರಿಗಾಗಿ ಕೊಡ ಹಿಡಿದು ನಿಂತ ಹೆಂಗಸಿನ ಚಿತ್ರದ ಕೆಳಗೆ ‘ಗ್ರಾಮಸ್ಥರು’ ಎಂದು ಬರೆದು ಕಳಿಸುವವರು ನಾವೇ. ಎಂಟು ಸಂಪುಟಗಳವರೂ ಮಾಡಿದ್ದು ಇದನ್ನೇ. ಆಕೆಯ ಹೆಸರು ಕೇಳುವುದಕ್ಕೆ, ಹಾಕಬಹುದೇ ಎಂದು ಒಪ್ಪಿಗೆ ಪಡೆಯುವುದಕ್ಕೆ ಎರಡು ನಿಮಿಷವೂ ಬೇಡ. ನಾಳೆ ಆಕೆಯ ಮೊಮ್ಮಗಳು ಅಜ್ಜಿಯ ಚಿತ್ರ ಹುಡುಕಿಕೊಂಡು ಬಂದರೆ, ದಾರಿ ತೋರಿಸುವುದು ಆ ಒಂದು ಸಾಲೇ.