ವಿದುರಾಶ್ವತ್ಥದ ಗುಂಡು, ಈಸೂರಿನ ನೇಣು

1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಕೀರ್ತಿ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿ ಸರ್ ಮಿರ್ಜಾ ಇಸ್ಮಾಯಿಲ್. ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಇಳಿದಿತ್ತು, ಭದ್ರಾವತಿಯ ಕುಲುಮೆಗಳು ಉರಿಯುತ್ತಿದ್ದವು. ಮಾದರಿ ಸಂಸ್ಥಾನವೆಂದು ಹೊರಗಿನವರೂ ಒಪ್ಪಿ ಹೊಗಳುತ್ತಿದ್ದ ಕಾಲ. ಅಂಥ ನಾಡಿನಲ್ಲಿ ತ್ರಿವರ್ಣ ಧ್ವಜ ಏರಿಸುವುದಕ್ಕೆ ಮಾತ್ರ ನಿಷೇಧವಿತ್ತು.

ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನೆರೆದ ಕಾಂಗ್ರೆಸ್ಸಿಗರು ಆ ನಿಷೇಧವನ್ನು ಮುರಿದರು. ಅಲ್ಲಿ ದಸ್ತಗಿರಿಗಳಾದವು, ರಕ್ತ ಹರಿಯಲಿಲ್ಲ. ಎರಡು ವಾರ ಕಳೆದಿತ್ತಷ್ಟೆ. ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತರ ಆಸುಪಾಸು ಎಂದಿತು ಸರ್ಕಾರ. ಮೂವತ್ತು ದಾಟಿತು ಎಂದಿತು ಕಾಂಗ್ರೆಸ್. ಹೆಣಗಳ ಲೆಕ್ಕದಲ್ಲಿಯೇ ಇಷ್ಟು ಅಂತರವಿದ್ದರೆ ತಪ್ಪು ಯಾರದೆಂಬ ಲೆಕ್ಕ ಹೇಗೆ ಕೂಡೀತು? ಗುಂಪು ಕಲ್ಲು ತೂರಿತು, ಪೊಲೀಸರಿಗೆ ಬೇರೆ ದಾರಿ ಇರಲಿಲ್ಲ ಎಂಬುದು ಒಂದು ಪಕ್ಷ. ಬರಿಗೈಯ ಜನರನ್ನು ಕೊಂದರು ಎಂಬುದು ಇನ್ನೊಂದು.

ಸುದ್ದಿ ಗಾಂಧೀಜಿಯವರಿಗೆ ಮುಟ್ಟಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಸಂಸ್ಥಾನಕ್ಕೆ ಬಂದರು. ಮಿರ್ಜಾ ಅವರೊಡನೆ ಮಾತುಕತೆ ನಡೆದು ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣವೂ ಹಾರಬಹುದೆಂದಾಯಿತು. ಅಂದರೆ ಏಪ್ರಿಲ್‌ನಲ್ಲಿ ಯಾವುದಕ್ಕಾಗಿ ಜನ ಪ್ರಾಣ ಬಿಟ್ಟರೋ ಅದು ಮುಂದಿನ ತಿಂಗಳು ಕಾನೂನಿಗೆ ಒಪ್ಪಿಗೆಯಾದ ಸಂಗತಿ. ಗೋಲಿಬಾರಿನ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ಕುಳಿತಿತು. ಸಾಕ್ಷಿಗಳನ್ನು ಕೇಳಿತು, ವರದಿ ಕೊಟ್ಟಿತು. ವಿದುರಾಶ್ವತ್ಥದ ಹೆಣಗಳಿಗಾಗಿ ಬಂದೂಕು ಹಿಡಿದ ಯಾರೊಬ್ಬರೂ ನೇಣುಗಂಬದ ನೆರಳನ್ನು ಕಾಣಲಿಲ್ಲ.

ನಾಲ್ಕು ವರ್ಷ ಕಳೆಯಿತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡು ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು, ಮರುವರ್ಷ ಮಿರ್ಜಾ ಅವರ ಸ್ಥಾನಕ್ಕೆ ಎನ್. ಮಾಧವರಾವ್ ದಿವಾನರಾದರು. ಮಹಾಯುದ್ಧದ ಬಿಸಿ ಹಳ್ಳಿಯ ಕಣಜಕ್ಕೂ ತಟ್ಟಿತ್ತು. 1942ರ ಆಗಸ್ಟ್‌ನಲ್ಲಿ ‘ಮಾಡು ಇಲ್ಲವೆ ಮಡಿ’ ಎಂಬ ಕರೆ ಹೊರಟಿತು, ಕರೆ ಕೊಟ್ಟವರೆಲ್ಲ ಒಂದೇ ರಾತ್ರಿ ಸೆರೆಯಾದರು. ಕರೆ ಮಾತ್ರ ಹೊರಗೇ ಉಳಿಯಿತು.

ಅದು ಶಿಕಾರಿಪುರ ತಾಲ್ಲೂಕಿನ ಈಸೂರಿಗೂ ಬಂತು. ಊರವರು ಪಟೇಲ ಶಾನುಭೋಗರ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಕಂದಾಯ ಕೊಡುವುದಿಲ್ಲ ಎಂದರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿ ಊರು ಸ್ವತಂತ್ರವಾಯಿತೆಂದು ಸಾರಿದರು. ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪಯ್ಯ ಎಂಬ ಇನ್ನೊಬ್ಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ಕೂರಿಸಿದರು. ಹುಡುಗರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಅದರಲ್ಲಿತ್ತೆನ್ನುತ್ತಾರೆ. ದೊಡ್ಡವರ ಅಧಿಕಾರವನ್ನು ಮಕ್ಕಳ ತಲೆಗೆ ಕಟ್ಟಿದ ಆ ಧೈರ್ಯದಲ್ಲಿ ಹಳ್ಳಿಯ ಜಾಣತನವೂ ಇತ್ತು, ಮುಂದೆ ಬರಲಿದ್ದುದರ ಅರಿವಿಲ್ಲದ ಮುಗ್ಧತೆಯೂ ಇತ್ತು.

ಸೆಪ್ಟೆಂಬರ್ 28ರಂದು ಅಮಲ್ದಾರ್ ಚೆನ್ನಕೃಷ್ಣಪ್ಪನವರೂ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಡನೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟುಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಬಂದೂಕು ಹಾರಿತು, ಊರು ರೊಚ್ಚಿಗೆದ್ದಿತು. ಗದ್ದಲ ಅಡಗಿದಾಗ ಇಬ್ಬರು ಅಧಿಕಾರಿಗಳೂ ಹೆಣವಾಗಿದ್ದರು. ಆಮೇಲೆ ಸರ್ಕಾರದ ಪಡೆ ಬಂತು. ಗಂಡಸರು ಕಾಡು ಸೇರಿದರು. ಮನೆಗಳು ಸೂರೆಯಾದವು, ಸುಟ್ಟವು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ಹೆಮ್ಮೆಯಿಂದ ಕೂಗಿದ ಊರು ಹಾಳುಬಿತ್ತು.

ಕೊಲೆಯ ಮೊಕದ್ದಮೆ ಬಹಳ ಬೇಗ ನಡೆಯಿತು. ಅದರ ತೀರ್ಪು ಜಾರಿಗೆ ಬಂದ ದಿನಗಳಲ್ಲಿ ದೇಶದಲ್ಲಿ ನಡೆಯುತ್ತಿದ್ದ ವಾದವನ್ನು ಇಲ್ಲಿ ಹೇಳಲೇಬೇಕು. 1943ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿ, ಹಳಿ ಕಿತ್ತ, ಠಾಣೆ ಸುಟ್ಟ, ಅಧಿಕಾರಿಗಳನ್ನು ಕೊಂದ ಅಷ್ಟಕ್ಕೂ ಕಾಂಗ್ರೆಸ್ಸೇ ಹೊಣೆ ಎಂದು ಆರೋಪಿಸಿತು. ಅದಕ್ಕೂ ಮೊದಲೇ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಿಂದ ಗಾಂಧೀಜಿ ವೈಸ್‌ರಾಯ್ ಲಿನ್‌ಲಿತ್‌ಗೋಗೆ ಕಾಗದ ಬರೆದಿದ್ದರು. ನಾಯಕರನ್ನು ರಾತ್ರೋರಾತ್ರಿ ಹಿಡಿದು ಜನರನ್ನು ಕೆರಳಿಸಿದ್ದು ಯಾರು, ಅದಕ್ಕಿಂತ ಎಷ್ಟೋ ಪಟ್ಟು ಹಿಂಸೆಯನ್ನು ತಾವೇ ನಡೆಸಿದ ಸರ್ಕಾರಕ್ಕೆ ಯಾವ ನ್ಯಾಯಾಲಯ ಎಂಬುದು ಅವರ ವಾದದ ಸಾರ. ಫೆಬ್ರವರಿ 10ರಂದು ಉಪವಾಸಕ್ಕೆ ಕುಳಿತು ಇಪ್ಪತ್ತೊಂದು ದಿನ ಮುಗಿಸಿ ಮಾರ್ಚ್ 3ರಂದು ಬಿಟ್ಟರು. ಜನರ ಹಿಂಸೆಯನ್ನು ಅವರು ಒಪ್ಪಲಿಲ್ಲ. ಆದರೆ ಒಂದು ಕಡೆಯ ಹಿಂಸೆಗೆ ಮಾತ್ರ ಅಪರಾಧವೆಂಬ ಹೆಸರಿಡುವುದನ್ನೂ ಅವರು ಒಪ್ಪಲಿಲ್ಲ.

ಉಪವಾಸ ಮುಗಿದು ಐದು ದಿನ ಕಳೆದಿತ್ತು. ಮಾರ್ಚ್ 8ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಈಸೂರಿನ ಗುರಪ್ಪ, ಮಲ್ಲಪ್ಪ ಇವರನ್ನು ಗಲ್ಲಿಗೇರಿಸಿದರು. ಮರುದಿನ ಸೂರ್ಯನಾರಾಯಣಾಚಾರಿ, ಹಾಲಪ್ಪ. ಅದರ ಮರುದಿನ ಶಂಕರಪ್ಪ. ಮೂರು ಬೆಳಗು, ಐದು ಹಗ್ಗ. ಪಾರ್ವತಮ್ಮ, ಸಿದ್ದಮ್ಮ, ಹಾಲಮ್ಮ ಎಂಬ ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. ಇದೆಲ್ಲ ನಡೆದದ್ದು ಬ್ರಿಟಿಷರ ಆಳ್ವಿಕೆಯ ಜಿಲ್ಲೆಯಲ್ಲಲ್ಲ, ನಮ್ಮದೇ ಮಹಾರಾಜರ ಸರ್ಕಾರದ ಹೆಸರಿನಲ್ಲಿ.

ಕೊಲೆಗೆ ಶಿಕ್ಷೆಯಾದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಇಬ್ಬರ ಸಾವಿಗೆ ಐವರು ಸತ್ತರು. ವಿದುರಾಶ್ವತ್ಥದ ಸಾವಿಗೆ ಒಂದು ವರದಿ ಬಂತು. ಒಂದೇ ಸಂಸ್ಥಾನ, ಒಂದೇ ದಂಡಸಂಹಿತೆ, ನಡುವೆ ನಾಲ್ಕೇ ವರ್ಷ. ನನ್ನ ತಕರಾರು ಇಷ್ಟೇ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಇಂಥ ಭೇದ ಮೈಸೂರಿನ ಆವಿಷ್ಕಾರವೇನೂ ಆಗಿರಲಿಲ್ಲ. 1922ರಲ್ಲಿ ಚೌರಿ ಚೌರಾದಲ್ಲಿ ಗುಂಪು 22 ಪೊಲೀಸರನ್ನು ಸುಟ್ಟು ಕೊಂದಾಗ ಕೆಳಗಿನ ನ್ಯಾಯಾಲಯ 172 ಜನರಿಗೆ ಮರಣದಂಡನೆ ವಿಧಿಸಿತ್ತು. ಮೇಲ್ಮನವಿಯ ನಂತರವೂ 19 ಜನ ನೇಣಿಗೇರಿದರು. ಅದಕ್ಕೂ ಮೂರು ವರ್ಷ ಹಿಂದೆ ಜಲಿಯನ್‌ವಾಲಾ ಬಾಗಿನಲ್ಲಿ ನೂರಾರು ಜನರನ್ನು ಕೊಲ್ಲಿಸಿದ ಡೈಯರ್‌ಗೆ ಹುದ್ದೆ ಹೋಯಿತು, ಕೊಲೆಯ ಆರೋಪ ಬರಲಿಲ್ಲ.

ಇನ್ನೊಂದು ಕಡೆಯನ್ನೂ ಮರೆಯಬಾರದು. ಚೆನ್ನಕೃಷ್ಣಪ್ಪ, ಕೆಂಚೇಗೌಡರು ಪರದೇಶದವರಲ್ಲ. ಇದೇ ಮಣ್ಣಿನವರು, ಸಂಬಳಕ್ಕೆ ದುಡಿದವರು, ಅವರ ಹಿಂದೆಯೂ ಸಂಸಾರಗಳಿದ್ದವು. ಹುತಾತ್ಮರ ಕಥೆಯನ್ನು ಪ್ರತಿ ಆಗಸ್ಟ್‌ನಲ್ಲಿ ಹೇಳುವಾಗ ನಾವು ಈ ಇಬ್ಬರನ್ನು ಬರೀ ‘ಅಮಲ್ದಾರ’, ‘ಇನ್‌ಸ್ಪೆಕ್ಟರ್’ ಎಂದು ದಾಟಿಬಿಡುತ್ತೇವೆ. ಸರ್ಕಾರ ವಿದುರಾಶ್ವತ್ಥದ ಸತ್ತವರನ್ನು ಹೆಸರಿಲ್ಲದ ಗುಂಪು ಮಾಡಿತು ಎಂದು ದೂರುವ ನಾವು ಅದನ್ನೇ ಮಾಡಿದರೆ ಹೇಗೆ? ಐವರ ಬಲಿದಾನ ದೊಡ್ಡದೆನ್ನಲು ಈ ಇಬ್ಬರ ಸಾವು ಚಿಕ್ಕದಾಗಬೇಕಿಲ್ಲ.

ನಾನಿರುವ ಹೆಬ್ಬಾಳ ಆ ಕಾಲಕ್ಕೆ ಮೈಸೂರು ಪೇಟೆಯ ಹೊರಗಿನ ಹಳ್ಳಿ. ಈಗ ಕಾರ್ಖಾನೆಗಳ, ಬಡಾವಣೆಗಳ ಜಾಗ. ಪಾಳಿ ಮುಗಿಸಿ ಚಹಾಕ್ಕೆ ನಿಂತವರ ನಡುವೆ ಇಂದಿಗೂ ಅದೇ ವಾದ ಏಳುತ್ತದೆ: ‘ಅವರು ಮಾಡಿದ್ರೆ ಹೋರಾಟ, ಇವರು ಮಾಡಿದ್ರೆ ಗೂಂಡಾಗಿರಿನಾ?’ ಕೇಳಲು ಕಾರಣವೂ ಇದೆ. 2020ರಲ್ಲಿ ಅಂದಿನ ಸರ್ಕಾರ ಕೈಬಿಡಲು ಹೊರಟ 61 ಮೊಕದ್ದಮೆಗಳಿಗೆ ಹೈಕೋರ್ಟ್ ತಡೆ ಕೊಡಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಇಂದಿನ ಸರ್ಕಾರ, ಹಳೇ ಹುಬ್ಬಳ್ಳಿ ಠಾಣೆಯ ಗಲಭೆಯದೂ ಸೇರಿದಂತೆ, 43 ಮೊಕದ್ದಮೆಗಳನ್ನು ಹಿಂಪಡೆದ ಆದೇಶವನ್ನು ಮರುವರ್ಷದ ಮೇ ತಿಂಗಳಲ್ಲಿ ಅದೇ ಹೈಕೋರ್ಟ್ ರದ್ದು ಮಾಡಿತು. ಪಕ್ಷ ಬೇರೆ, ಚಾಳಿ ಒಂದೇ.

ಹಳೆಯ ಕಥೆಗೆ ಮರಳುತ್ತೇನೆ. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಹೊರಟಿತು. ಅರಮನೆಯ ಊರಿನಲ್ಲಿಯೇ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಆತ ಬಿದ್ದ ಜಾಗವನ್ನು ನಾವಿಂದು ರಾಮಸ್ವಾಮಿ ವೃತ್ತವೆನ್ನುತ್ತೇವೆ. ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ಸರ್ಕಾರ ಅಕ್ಟೋಬರ್‌ನಲ್ಲಿ ಬಾಗಿತು, ಸತ್ಯಾಗ್ರಹಿಗಳು ಬಿಡುಗಡೆಯಾದರು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ನಿನ್ನೆಯವರೆಗೆ ಆರೋಪಿಗಳಾಗಿದ್ದವರ ಕೈಗೆ ಪೊಲೀಸ್ ಇಲಾಖೆ ಬಂತು, ಅದೇ ದಂಡಸಂಹಿತೆಯೂ ಬಂತು.

ಅವರು ಅದನ್ನು ಬಳಸಿದ ಬಗೆಯನ್ನು ನೋಡಲು ಈಸೂರಿನ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರಿಗೊಂದು ಹಳೆಯ ದೂರಿತ್ತು: ಭತ್ತ ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಾರೆ, ಗೇಣಿ ಕರಾರಿಗಿಂತ ಹೆಚ್ಚು ಹೋಗುತ್ತದೆ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅಳತೆ ಸರಿಯಾಗಲಿ ಎಂದು ಕೇಳಿತು. ಒಡೆಯರು ಒಪ್ಪದೆ ರೈತರನ್ನು ಗದ್ದೆಯಿಂದ ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ಆ ರೈತರು ಗದ್ದೆಗೆ ಇಳಿದು ಉತ್ತು ಸತ್ಯಾಗ್ರಹ ಮಾಡಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬೆನ್ನಿಗೆ ನಿಂತರು. ಇಲ್ಲಿ ಯಾವ ಅಮಲ್ದಾರನೂ ಸಾಯಲಿಲ್ಲ, ಯಾವ ಠಾಣೆಯೂ ಸುಡಲಿಲ್ಲ. ಕೈಯಲ್ಲಿ ನೇಗಿಲು ಮಾತ್ರ ಇದ್ದವರನ್ನು ರೆಡ್ಡಿಯವರ ಸರ್ಕಾರ ಸಾಲುಸಾಲಾಗಿ ಹಿಡಿದು ಜೈಲಿಗೆ ಕಳಿಸಿತು. ಜೂನ್‌ನಲ್ಲಿ ರೈತರ ಜೊತೆ ನಿಲ್ಲಲು ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದರು. ಅವರನ್ನೂ ದಸ್ತಗಿರಿ ಮಾಡಿದರು.