ಸ್ಪರ್ಧಾ ರೋಬೋಟ್‌ನ ನಿಯಂತ್ರಣ ಬೋರ್ಡು: ತಿದ್ದುವ ವೇಗದ ಚರಿತ್ರೆ

ವಿದ್ಯಾರ್ಥಿಗಳ ಸ್ಪರ್ಧಾ ರೋಬೋಟ್‌ಗಳನ್ನು ನಡೆಸುವ ಬೋರ್ಡುಗಳ ಚರಿತ್ರೆಯನ್ನು ಚಿಪ್ಪಿನ ವೇಗದಿಂದಲೇ ಅಳೆದರೆ ಅದರ ಮುಖ್ಯ ತಿರುವು ಕೈತಪ್ಪಿ ಹೋಗುತ್ತದೆ. ತಪ್ಪು ಕಂಡ ಗಳಿಗೆಯಿಂದ ಅದನ್ನು ತಿದ್ದಿ ಮತ್ತೆ ಓಡಿಸಿ ನೋಡುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆಯೇ ಈ ಯಂತ್ರಾಂಶಕ್ಕೆ ರೂಪ ಕೊಟ್ಟಿತು ಎಂಬುದು ಈ ಲೇಖನದ ವಾದ.

ಅಮೆರಿಕದ ಎಂಐಟಿಯಲ್ಲಿ ಜನವರಿ ತಿಂಗಳು ಮಾಮೂಲು ತರಗತಿಗಳಿಗೆ ಬಿಡುವು. ಆ ಬಿಡುವಿನಲ್ಲಿ ನಡೆಯುತ್ತಿದ್ದ 6.270 ಎಂಬ ಸ್ಪರ್ಧೆ 1987ರಲ್ಲಿ ಶುರುವಾದಾಗ ರೋಬೋಟ್‌ಗಳು ಕಂಪ್ಯೂಟರಿನ ಒಳಗಷ್ಟೇ ಇದ್ದವು. ಕೆಲವೇ ವರ್ಷಗಳಲ್ಲಿ ಲೆಗೊ ತುಂಡುಗಳಿಂದ ಕಟ್ಟಿದ ನಿಜವಾದ ಯಂತ್ರಗಳು ಮೇಜಿಗೆ ಇಳಿದವು. ರಿಮೋಟ್ ಹಿಡಿಯುವಂತಿರಲಿಲ್ಲ. ಕಟ್ಟುವುದಕ್ಕೂ ಪ್ರೋಗ್ರಾಂ ಬರೆಯುವುದಕ್ಕೂ ಸೇರಿ ಸಿಗುತ್ತಿದ್ದುದು ಒಂದು ತಿಂಗಳೊಳಗಿನ ಕಾಲ. ಎಂಐಟಿಯ ಫ್ರೆಡ್ ಮಾರ್ಟಿನ್ ಮತ್ತು ಸಂಗಡಿಗರು ಈ ಸ್ಪರ್ಧೆಯ ಬೋರ್ಡಿಗೆ ಮೋಟೊರೋಲಾದ 68ಎಚ್‌ಸಿ11 ಚಿಪ್ಪನ್ನು ಆರಿಸಿಕೊಂಡರು. ಸೆನ್ಸರಿನ ವೋಲ್ಟೇಜನ್ನು ಸಂಖ್ಯೆಯಾಗಿಸುವ ವ್ಯವಸ್ಥೆ ಆ ಚಿಪ್ಪಿನ ಒಳಗೇ ಇತ್ತು. ಆ ಅನುಭವದಿಂದ 1990ರ ದಶಕದ ಮಧ್ಯದಲ್ಲಿ ಮಾರ್ಟಿನ್ ಹ್ಯಾಂಡಿ ಬೋರ್ಡನ್ನು ರೂಪಿಸಿದರು. 2 ಮೆಗಾಹರ್ಟ್ಸ್ ವೇಗ, 32 ಕಿಲೋಬೈಟ್ ಮೆಮೊರಿ, ನಾಲ್ಕು ಮೋಟಾರು, ಎರಡು ಸಾಲಿನ ಪುಟ್ಟ ಪರದೆ: ಇಷ್ಟೇ.

ಈ ಬೋರ್ಡಿನ ನಿಜವಾದ ಸತ್ವವಿದ್ದದ್ದು ರ್‍ಯಾಂಡಿ ಸಾರ್ಜೆಂಟ್ ಮತ್ತು ಮಾರ್ಟಿನ್ ಬರೆದ ಇಂಟರಾಕ್ಟಿವ್ ಸಿ ತಂತ್ರಾಂಶದಲ್ಲಿ. ವಿದ್ಯಾರ್ಥಿ ಬರೆದ ಸಿ ಪ್ರೋಗ್ರಾಂ ನೇರವಾಗಿ ಚಿಪ್ಪಿನ ಭಾಷೆಗೆ ಇಳಿಯುತ್ತಿರಲಿಲ್ಲ. ನಡುವಿನ ಒಂದು ಸಂಕೇತವಾಗಿ ಮಾರ್ಪಟ್ಟು, ಬೋರ್ಡಿನಲ್ಲಿದ್ದ ಕಿರು ಪ್ರೋಗ್ರಾಂ ಅದನ್ನು ಹೆಜ್ಜೆಹೆಜ್ಜೆಯಾಗಿ ಓದಿ ನಡೆಸುತ್ತಿತ್ತು. ಮೊದಲೇ ನಿಧಾನದ ಚಿಪ್ಪು ಇದರಿಂದ ಇನ್ನೂ ನಿಧಾನವಾಯಿತು. ಪ್ರತಿಯಾಗಿ ಸಿಕ್ಕಿದ್ದು ದೊಡ್ಡದು. ಬೋರ್ಡಿಗೆ ಜೋಡಿಸಿದ ಕಂಪ್ಯೂಟರಿನ ಕೀಲಿಮಣೆಯಲ್ಲಿ ಒಂದೇ ಸಾಲು ಟೈಪ್ ಮಾಡಿದರೆ ಮೋಟಾರು ಅಲ್ಲೇ ತಿರುಗುತ್ತಿತ್ತು. ಇನ್ನೊಂದು ಸಾಲಿಗೆ ಬೆಳಕಿನ ಸೆನ್ಸರ್ ಕಂಡದ್ದು 0ಯಿಂದ 255ರೊಳಗಿನ ಸಂಖ್ಯೆಯಾಗಿ ಪರದೆಗೆ ಬರುತ್ತಿತ್ತು. ಕಪ್ಪು ಪಟ್ಟಿಯ ಮೇಲೊಮ್ಮೆ, ಬಿಳಿ ನೆಲದ ಮೇಲೊಮ್ಮೆ ಸೆನ್ಸರ್ ಹಿಡಿದು ಎರಡು ಸಂಖ್ಯೆ ಬರೆದುಕೊಂಡರೆ, ಗೆರೆ ಹಿಡಿದು ಓಡುವ ರೋಬೋಟ್‌ಗೆ ಬೇಕಾದ ಗಡಿ ಸಂಖ್ಯೆ ಅವುಗಳ ನಡುವೆ ಸಿಗುತ್ತದೆ. ಮೆಮೊರಿಗೆ ಬ್ಯಾಟರಿಯ ಆಸರೆಯಿದ್ದುದರಿಂದ ಸ್ವಿಚ್ ಆರಿಸಿದರೂ ಪ್ರೋಗ್ರಾಂ ಅಳಿಯುತ್ತಿರಲಿಲ್ಲ. ಅರೇಯ (ಸಾಲಾಗಿ ಜೋಡಿಸಿದ ಮೌಲ್ಯಗಳ ಪಟ್ಟಿಯ) ಗಡಿ ದಾಟಿದಂಥ ತಪ್ಪುಗಳನ್ನೂ ಇಂಟರಾಕ್ಟಿವ್ ಸಿ ಪ್ರೋಗ್ರಾಂ ಓಡುತ್ತಿರುವಾಗಲೇ ಹಿಡಿದು ಹೇಳುತ್ತಿತ್ತು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ ಎಂದೇ ನನ್ನ ಎಣಿಕೆ.

1998ರಲ್ಲಿ ಬಂದ ಲೆಗೊದ ಆರ್‌ಸಿಎಕ್ಸ್ ಎಂಬ, ಪ್ರೋಗ್ರಾಂ ಮಾಡಬಹುದಾದ ಇಟ್ಟಿಗೆಗೂ ಎಂಐಟಿ ಮೀಡಿಯಾ ಲ್ಯಾಬಿನ ಸಂಶೋಧನೆಯೇ ಬೇರು. ಅದರಲ್ಲಿದ್ದದ್ದೂ ಸಂಕೇತ ಓದಿ ನಡೆಸುವ ವಿಧಾನವೇ.

ಡೀನ್ ಕೇಮನ್ ಸ್ಥಾಪಿಸಿದ ಫಸ್ಟ್ ಸಂಸ್ಥೆಯ ಪ್ರೌಢಶಾಲಾ ಸ್ಪರ್ಧೆ 1992ರಿಂದ ಹಿಡಿದ ದಾರಿ ಬೇರೆ. ಅಲ್ಲಿನ ಯಂತ್ರಗಳು ಆಳೆತ್ತರಕ್ಕೆ ಬೆಳೆಯಬಲ್ಲವು, ಮಕ್ಕಳು ಮೈದಾನದ ಪಕ್ಕದಲ್ಲೇ ನಿಂತಿರುತ್ತಾರೆ; ಹಾಗಾಗಿ ತಿದ್ದುವ ವೇಗದ ಜೊತೆಗೆ ಅಲ್ಲಿ ಸುರಕ್ಷತೆಯೂ ಮುಖ್ಯವಾಯಿತು. 15 ಸೆಕೆಂಡುಗಳ ಸ್ವಯಂಚಾಲಿತ ಅವಧಿ ಸೇರಿದ್ದು 2003ರಲ್ಲಿ. ಮರುವರ್ಷ ಸಿ ಭಾಷೆಯಲ್ಲಿ ಬರೆಯಬಹುದಾದ ಹೊಸ ಕಂಟ್ರೋಲರ್ ಬಂತು. ಅದರೊಳಗೆ ಎರಡು ಪ್ರೊಸೆಸರ್: ಒಂದು ವಿದ್ಯಾರ್ಥಿಗಳ ಪ್ರೋಗ್ರಾಮಿಗೆ, ಇನ್ನೊಂದು ರೇಡಿಯೊ ಸಂಪರ್ಕ ಮತ್ತು ಸುರಕ್ಷತೆಗೆ. 2009ರ ಸಿರಿಯೊ, 2015ರ ರೋಬೊರಿಯೊ ಕಂಟ್ರೋಲರ್‌ಗಳು ವೇಗದಲ್ಲಿ ಹ್ಯಾಂಡಿ ಬೋರ್ಡಿಗಿಂತ ನೂರಾರು ಪಟ್ಟು ಮುಂದೆ. ಆದರೂ ಈ ವಿಭಜನೆ ಉಳಿದುಕೊಂಡಿತು. ವಿದ್ಯಾರ್ಥಿಯ ಪ್ರೋಗ್ರಾಂ ಕೊನೆಯಿಲ್ಲದ ಸುತ್ತಿನಲ್ಲಿ ಸಿಲುಕಿ ಹೆಪ್ಪುಗಟ್ಟಿದರೂ ಮೈದಾನದಿಂದ ನಿಲುಗಡೆಯ ಆದೇಶ ಬಂದೊಡನೆ ಮೋಟಾರುಗಳು ನಿಲ್ಲಬೇಕು. ಆ ಕೆಲಸ ಮಾಡುವ ಭಾಗಕ್ಕೆ ವಿದ್ಯಾರ್ಥಿಯ ಒಂದು ಸಾಲೂ ತಾಗುವುದಿಲ್ಲ.